ಗಿರಣಿ ಬಿಟ್ಟ ಮೇಲಿನ ಹೆಡ್ ಮಾಸ್ತರು

ಲಿಂಗಸುಗೂರಿನಲ್ಲಿ ಓದಿ ಬೆಳೆದ ನನಗೆ ಮೊದಲ ನೌಕರಿ ಸಿಕ್ಕಿದ್ದು ತುರ್ವಿಹಾಳದ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಅವು ಎಂಬತ್ತರ ದಶಕದ ವರ್ಷಗಳು. ಶಾಲೆಯಲ್ಲಿ ನಾವು ಮೂವರೇ: ಊರವರು ‘ಅಕ್ಕೋರ’ ಎಂದು ಕರೆಯುತ್ತಿದ್ದ ನಾನು, ನನ್ನ ಓರಗೆಯ ಒಬ್ಬ ಮಾಸ್ತರು, ಮತ್ತು ಅದೇ ಊರಿನವರಾದ ಹೆಡ್ ಮಾಸ್ತರು.

ಹೆಡ್ ಮಾಸ್ತರರ ಮನೆಯಲ್ಲಿ ಉಣ್ಣುವ ಬಾಯಿ ಬಹಳ. ಪಗಾರ ಸಾಲದೆ ಅವರು ಒಂದು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಸುಕಿನಲ್ಲೇ ಎದ್ದು ಜೋಳ ಬೀಸಿ, ಪ್ರಾರ್ಥನೆಯ ಹೊತ್ತಿಗೆ ಹುಬ್ಬಿನ ತುಂಬ ಹಿಟ್ಟು ಹೊತ್ತು ಶಾಲೆಗೆ ಬರುತ್ತಿದ್ದರು. ಬೋರ್ಡಿನ ಮೇಲೆ ಲೆಕ್ಕ ಬರೆದು ಕುರ್ಚಿಗೆ ಒರಗಿದರೆ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು.

“ಗದ್ದಲ ಮಾಡಬ್ಯಾಡ್ರಲೇ, ಸರ ಮಕ್ಕೊಂಡಾರ” ಎಂದು ಹುಡುಗರು ಒಬ್ಬರಿಗೊಬ್ಬರು ಪಿಸುಗುಡುತ್ತಿದ್ದರು. ಆ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ. ಅವರ ಅಪ್ಪ ಅವ್ವಂದಿರೂ ದುಡಿದು ಬಂದು ಹಾಗೆಯೇ ಒರಗುತ್ತಿದ್ದರಲ್ಲ.

ಕೆಲವು ವರ್ಷಗಳಲ್ಲಿ ಸರ್ಕಾರ ನಮ್ಮ ಪಗಾರ ಹೆಚ್ಚಿಸಿತು. ನನ್ನ ಓರಗೆಯ ಮಾಸ್ತರು ಮೋಟಾರ್ ಸೈಕಲ್ ಕೊಂಡು, ಹೆಂಡತಿ ಮಕ್ಕಳೊಂದಿಗೆ ಸಿಂಧನೂರಿನಲ್ಲಿ ಮನೆ ಮಾಡಿದರು. ಅಂದಿನಿಂದ ಕೊನೆಯ ಗಂಟೆ ಬಾರಿಸಿದ್ದೇ ತಡ, ಅವರ ಗಾಡಿಯ ಸದ್ದು ಕೇಳುತ್ತಿತ್ತು. ಹೆಡ್ ಮಾಸ್ತರು ಮಾತ್ರ ಒಂದು ಸೋಮವಾರ ತೊಳೆದ ಮುಖದಲ್ಲಿ, ಕಪ್ಪು ಹುಬ್ಬಿನಲ್ಲಿ ಬಂದು ನಿಂತರು.

“ಗಿರಣಿ ಬಂದ್ ಏನ್ರಿ ಸರ?” ಎಂದೆ.

“ತಮ್ಮಗ ಬಿಟ್ಟುಕೊಟ್ಟೀನ್ರಿ ಅಕ್ಕೋರ. ಈಗ ಬರೋ ಪಗಾರದಾಗ ಮನಿ ನಡಿತೈತಿ. ಇನ್ನ ಮ್ಯಾಲೆ ಮಾಸ್ತರಕಿ ಒಂದ ಮಾಡ್ತೀನಿ.”

ಆ ವಾರವೇ ಅವರು ಮಕ್ಕಳನ್ನು ಕಾಲುವೆ ದಂಡೆಗೆ ಕರೆದೊಯ್ದರು. ನಾನೂ ಹೋದೆ. ಹಗ್ಗದಿಂದ ಅಳೆದು ಎರಡು ಕಲ್ಲು ಇಟ್ಟರು. ನೀರಿಗೆ ಒಂದು ಬೇವಿನ ಎಲೆ ಬಿಟ್ಟು, “ಎಲಿ ಜೋಡಿ ಓಡ್ರಲೇ!” ಎಂದು ಕೂಗಿ, ಧೋತರ ಎತ್ತಿ ಕಟ್ಟಿ ತಾವೇ ಮುಂದೆ ಓಡಿದರು. ಮಕ್ಕಳು ಕೇಕೆ ಹಾಕುತ್ತ ಬೆನ್ನು ಹತ್ತಿದರು. ಆಮೇಲೆ ಎಲ್ಲರನ್ನೂ ದಂಡೆಯ ಮೇಲೆ ಕೂರಿಸಿ, ಕೈಗಡಿಯಾರದಲ್ಲಿ ನೋಡಿಟ್ಟ ಹೊತ್ತಿನಿಂದ ನೀರಿನ ವೇಗವನ್ನು ಮಣ್ಣಿನಲ್ಲಿ ಬೆರಳಿಂದ ಬರೆದು ತೋರಿಸಿದರು.

“ಹಂಗಾದ್ರ ಈ ನೀರು ಕಾಲುವಿ ಕೊನೀ ಹೊಲಕ್ಕ ಯಾವಾಗ ಮುಟ್ಟತೈತಿ?”

ಭತ್ತದ ನಾಟಿಯ ದಿನಗಳಲ್ಲಿ ಅವ್ವನ ಜೊತೆ ಕೂಲಿಗೆ ಹೋಗಿ, ಉಳಿದಂತೆ ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು.

“ಮುಟ್ಟಂಗಿಲ್ರಿ ಸರ. ನಡುವ ಎಲ್ಲಾರು ತಮ್ಮ ಹೊಲಕ್ಕ ತಿರುವಿಕೊಂತಾರ.”

ಹೆಡ್ ಮಾಸ್ತರು ಮುಖವೆಲ್ಲ ಅರಳಿ, “ಖರೇ ಐತಿ ನೋಡ್ರಲೇ! ಈಕಿ ಹೇಳಿದ್ದ ಲೆಕ್ಕ, ನಂದು ಬರೇ ಓಟ” ಎಂದು ತಾವು ಬರೆದದ್ದನ್ನು ಅಂಗೈಯಿಂದ ಅಳಿಸಿದರು. ಯಾರು ಎಷ್ಟು ನೀರು ತಿರುವಿದರೆ ಕೊನೆಗೆ ಎಷ್ಟು ಉಳಿಯುತ್ತದೆ ಎಂದು ಮಕ್ಕಳ ಬಾಯಿಂದಲೇ ಹೊರಡಿಸುತ್ತ ಹೊಸದಾಗಿ ಶುರುಮಾಡಿದರು. ಹೊಟ್ಟೆ ಹಸಿದರೂ ಒಬ್ಬರೂ ಏಳಲಿಲ್ಲ. ಭಾಗಾಕಾರ ಅಂದರೆ ಹೀಗಿರುತ್ತದೆಯೇ ಎಂದು ನಾನು ಬಾಯಿ ತೆರೆದು ಕೂತಿದ್ದೆ. ಇಷ್ಟು ವರ್ಷ ಒಂದೇ ಮಾಡಿನ ಕೆಳಗೆ ಕೆಲಸ ಮಾಡಿಯೂ ಈ ಮನುಷ್ಯನನ್ನು ನಾನು ಕಂಡೇ ಇರಲಿಲ್ಲ. ದಣಿವು ಅವರನ್ನು ನಮ್ಮೆಲ್ಲರಿಂದ ಮುಚ್ಚಿಟ್ಟಿತ್ತು.

ಸಂಜೆ ಅವರು ಆ ಹುಡುಗಿಯ ಮನೆಗೇ ಹೋದರು. “ನಾಟಿ ಟೈಮಿನ್ಯಾಗ ಒಂದ್ ಹೊತ್ತರ ಸಾಲಿಗೆ ಕಳಸವ್ವ. ಉಳಿದಿದ್ದು ನಾ ಸಂಜಿಕ ನಮ್ಮನ್ಯಾಗ ಹೇಳಿಕೊಡ್ತೀನಿ” ಎಂದು ಅವಳ ಅವ್ವನಿಗೆ ಕೈಮುಗಿದರು.

“ನೀವು ಕೈ ಮುಗಿಬಾರ್ದ್ರಿ ಗುರುಗಳ” ಎಂದು ಆ ತಾಯಿ ಗಾಬರಿಯಾಗಿ ಒಪ್ಪಿಕೊಂಡಳು.

ಬರಬರುತ್ತ ಆ ಸಂಜೆಯ ಪಾಠಕ್ಕೆ ಬೇರೆ ಮಕ್ಕಳೂ ಸೇರಿ ಅವರ ಪಡಸಾಲೆ ಸಾಲದಾಯಿತು. ನಾನೂ ಒಂದು ಮೂಲೆಯಲ್ಲಿ ಕೂತು ಪಾಠ ಹೇಳುವುದನ್ನು ಕಲಿತೆ. ತೊಂಬತ್ತರ ದಶಕ ಕಾಲಿಟ್ಟಾಗ ಆ ಹುಡುಗಿ ಏಳನೆಯದು ಪಾಸಾಗಿ ತುರ್ವಿಹಾಳದ ಹೈಸ್ಕೂಲಿಗೆ ಸೇರಿದಳು. ಅವಳ ಓಣಿಯಿಂದ ಅಲ್ಲಿಗೆ ಹೋದ ಮೊದಲ ಹೆಣ್ಣುಮಗಳು ಆಕೆ. ಅಂದು ಬಸ್ಸಿಗೆ ಹತ್ತಿಸಲು ಅರ್ಧ ಓಣಿಯೇ ಬಂದಿತ್ತು.