ಕುಟ್ಟಿದರೆ ವಿಲ್, ತೂಗಿದರೆ ಮೈಟ್

ಕೋಪರಿಯ ಚಾಳೊಂದರ ಮಹಡಿಯಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಹೋಟೆಲುಗಳಲ್ಲಿ ದುಡಿಯುವ ನಮಗೆ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸರ್ ಇಂಗ್ಲಿಷ್ ಕಲಿಸುತ್ತಿದ್ದರು. ನವಿ ಮುಂಬಯಿಯಲ್ಲಿ ಕಾಲ್ ಸೆಂಟರುಗಳು ತಲೆಯೆತ್ತುತ್ತಿದ್ದ ಕಾಲ ಅದು. ‘ಗೆಟ್ ಅಪ್’, ‘ಕಮ್ ಬ್ಯಾಕ್’ ಎಂಬಂಥ ಜೋಡಿಮಾತುಗಳನ್ನು ಅವರು ಬಾಯಲ್ಲಿ ಹೇಳುವರು. ಅದಕ್ಕೆ ಮೊದಲು ಸೇರಬೇಕಾದ ಪದವನ್ನು ಮಾತ್ರ ಕೈಯಲ್ಲಿ ತೋರಿಸುವರು. ಬೆರಳಗೆಣ್ಣಿನಿಂದ ಬೆಂಚಿಗೆ ಕುಟ್ಟಿದರೆ ‘ವಿಲ್’: ಆಗಿಯೇ ಆಗುತ್ತದೆ. ಅಂಗೈಯನ್ನು ಅತ್ತಿತ್ತ ತೂಗಿದರೆ ‘ಮೈಟ್’: ಆದರೂ ಆದೀತು. ಎರಡನ್ನೂ ಸೇರಿಸಿ ನಾವು ವಾಕ್ಯ ಮಾಡಬೇಕು.

ಅವರು ಕುಟ್ಟಿದ್ದು ಕಡಿಮೆ. ಸಂದರ್ಶನಕ್ಕೆ ಹೊರಟ ನಾನು “ಐ ವಿಲ್ ಗೆಟ್ ಥ್ರೂ” ಎಂದಾಗಲೂ ಅಂಗೈ ತೂಗಿದರು.

“ವಿಲ್ ಹೇಳ್ಲಿಕ್ಕೆ ನಾವು ಯಾರು ಮಾರಾಯ?”

ಅದು ಅವರ ದಿನನಿತ್ಯದ ಮಾತು. ಆ ಕೆಲಸ ನನಗೆ ಸಿಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅವರಿಗೆ ಲಕ್ವ ಹೊಡೆದು ಮಾತು ಹೋಗಿದೆ ಎಂದು ಕೇಳಿ ಕಲ್ಯಾಣದ ಆಸ್ಪತ್ರೆಗೆ ಹೋದೆ. ಎಡಗೈಯೊಂದು ಆಡುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತಿದ್ದರು. ಏನು ಹೇಳುವುದೆಂದು ತೋಚದೆ, ಹಳೆಯ ಪಾಠದ ಹಾಗೆ, “ಸರ್, ಗೆಟ್ ಅಪ್” ಎಂದೆ.

ಅವರು ಹೆಂಡತಿಯ ಮುಖ ನೋಡಿದರು. ಆಮೇಲೆ ಎಡಗೈಯಿಂದ ಮಂಚದ ಕಂಬಿಗೆ ಕುಟ್ಟಿದರು.

ಆ ದಿನಗಳಲ್ಲಿ ಗೋಡೆಯಾಚೆಯಿಂದ ಆ ಪಾಠವನ್ನು ಕೇಳುತ್ತಲೇ ಅಡುಗೆ ಮಾಡಿದ್ದ ಆಕೆ, “ನೋಡಿ, ಏಳ್ತಾರಂತೆ” ಎಂದು ಕಣ್ಣೊರೆಸಿಕೊಂಡು, ನನಗೆ ಚಹಾ ತರಲು ಹೊರಗೆ ಹೋದರು.

ಸರ್ ಮತ್ತೆ ಕೈ ಎತ್ತಿ ನನ್ನತ್ತ ನೋಡಿದರು. ಈಗ ಅಂಗೈ ತೂಗುತ್ತಾರೆ ಎಂದುಕೊಂಡೆ. ಅದೂ ಇಲ್ಲ, ಎತ್ತಿದ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿಕೊಂಡರು.