ಅಂಗಿ ಬದಲಿಸುವ ಹುಳುವೂ ಹದ್ದಕ್ಕನ ಕಣ್ಣೂ

ಬೆಳಕು ಹರಿಯುತ್ತಿದೆ. ಸಿರಿಂಜ್ ಹಿಡಿದ ಹೆಂಗಸೊಬ್ಬರು ವಾರ್ಡಿನಿಂದ ಪ್ರಯೋಗಾಲಯಕ್ಕೆ ಓಡೋಡಿ ಬರುತ್ತಾರೆ. ಅದರಲ್ಲಿರುವುದು ಒಬ್ಬ ದರ್ಜಿಯ ಬೆನ್ನುಹುರಿಯ ನೀರು. ನೊಣದ ಕಡಿತದಿಂದ ಮೈಸೇರುವ, ಬರಿಗಣ್ಣಿಗೆ ಕಾಣದ ನಿದ್ರೆರೋಗದ ಹುಳು ಅದರಲ್ಲಿ ಇನ್ನೂ ಉಳಿದಿದ್ದರೆ ದರ್ಜಿಯ ಜೀವಕ್ಕೇ ಸಂಚಕಾರ. ತಡಮಾಡಿದರೆ ಹುಳು ಸತ್ತು ಕರಗಿ, ಇದ್ದದ್ದೂ ಇಲ್ಲವೆಂದು ತೋರುತ್ತದೆ. ಅದಕ್ಕೇ ಈ ಓಟ.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನೋಡುವ ಇವರದು ಹದ್ದಿನ ಕಣ್ಣು; ಆಸ್ಪತ್ರೆಗೆಲ್ಲ ಇವರು 'ಹದ್ದಕ್ಕ'. "ಗಾಜಿನ ಮೇಲಿನ ಹುಳ ಕಾಣ್ಸುತ್ತೆ, ಮೂಗಿನ ಮೇಲಿನ ಕನ್ನಡಕ ಕಾಣ್ಸಲ್ಲ" ಎಂದು ಗಂಡ ಕಾಲೆಳೆಯುತ್ತಾರೆ.

ಈ ಹುಳು ಮಹಾ ಖದೀಮ. ದನಗಳನ್ನು ಕಾಡುವ ಇದರ ದಾಯಾದಿಗಳು ಮನುಷ್ಯನ ರಕ್ತಕ್ಕೆ ಬಿದ್ದರೆ ಅದರಲ್ಲಿ ತಮಗೆ ವಿಷವಾಗುವ ಅಂಶದಿಂದ ಸಾಯುತ್ತವೆ. ಇದು ಆ ವಿಷವನ್ನೂ ಅರಗಿಸಿಕೊಳ್ಳುತ್ತದೆ. ಮೈಯೊಳಗಿನ ಕಾವಲುಪಡೆ ಇದರ ಹೊರಗವಚದ ಗುರುತು ಹಿಡಿದು ಬಹುಪಾಲನ್ನು ಕೊಂದರೂ, ಅಷ್ಟರಲ್ಲಿ ಕವಚ ಬದಲಿಸಿದ ಕೆಲವು ಉಳಿದು ಮತ್ತೆ ಹಿಂಡಾಗುತ್ತವೆ.

"ನನ್ನನ್ನೂ ಏಮಾರಿಸ್ತು" ಎನ್ನುತ್ತಾರೆ ಹದ್ದಕ್ಕ. ದರ್ಜಿ ಮೊದಲು ಜ್ವರವೆಂದು ಬಂದಾಗ ಅವರ ರಕ್ತ ಹಚ್ಚಿದ ಗಾಜಿನಲ್ಲಿ ಹುಳು ಕಂಡಿರಲಿಲ್ಲ. ಏನೂ ಇಲ್ಲವೆಂದು ಮನೆಗೆ ಕಳಿಸಿದರು. "ಮನೆಗ್ ಬಂದು ಅನ್ನಕ್ಕೆ ಕೂತಾಗ ಅವರ ಕತ್ತಲ್ಲಿ ಊದಿದ್ದ ಗಂಟು ನೆನಪಾಯ್ತು, ಅದು ಈ ರೋಗದ್ದೇ ಗುರುತು. ತಟ್ಟೆ ಬಿಟ್ಟು ಎದ್ದೆ. ಹುಳ ಕಮ್ಮಿಯಾಗಿರೋ ದಿನವೇ ನೋಡ್ಬಿಟ್ನಾ ಅಂತ." ಕೈ ತೊಳೆದು ನೇರ ಅಂಗಡಿಗೇ ಹೋದರು. ದರ್ಜಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಅರ್ಧ ಹೊಲಿದ ತೋಳು ಸೂಜಿಯಲ್ಲೇ ಸಿಕ್ಕಿಕೊಂಡಿತ್ತು. ಎಬ್ಬಿಸಿ ಕರೆತಂದರು. ವೈದ್ಯರು ಕತ್ತಿನ ಗಂಟಿಗೆ ಸೂಜಿ ಹಾಕಿ ನೀರು ತೆಗೆದುಕೊಟ್ಟರು. ಗಾಜಿನ ಮೇಲೆ ಹುಳುಗಳು ವಿಲವಿಲ ಹೊರಳಾಡುತ್ತಿದ್ದವು. ಅಷ್ಟರಲ್ಲಾಗಲೇ ಅವು ಮಿದುಳಿನ ಬಾಗಿಲು ತಟ್ಟಿದ್ದವು.

ಚಿಕಿತ್ಸೆ ಮುಗಿದು ತಿಂಗಳುಗಳಾಗಿವೆ. ಇವತ್ತಿನದು ಕೊನೆಯ ಪರೀಕ್ಷೆ. ಹದ್ದಕ್ಕ ಸೂಕ್ಷ್ಮದರ್ಶಕದಡಿ ಗಾಜನ್ನು ಚೂರುಚೂರೇ ಸರಿಸುತ್ತಾರೆ. ಬಾಗಿಲಲ್ಲಿ ನಿಂತ ದರ್ಜಿಯ ಹೆಂಡತಿ ಸೆರಗು ಕಚ್ಚಿಕೊಂಡಿದ್ದಾರೆ. ವೈದ್ಯರೂ ಬಗ್ಗಿ ನೋಡಿ ಹೌದೆಂದು ತಲೆಯಾಡಿಸುತ್ತಾರೆ.

"ಒಂದೂ ಇಲ್ಲ ಕಣಮ್ಮ! ಗೆದ್ವಿ!" ಎಂದು ಹದ್ದಕ್ಕ ಕೂಗುತ್ತಾರೆ.

ದರ್ಜಿಯ ಹೆಂಡತಿ ಅವರನ್ನು ತಬ್ಬಿಕೊಂಡು ಅತ್ತುಬಿಡುತ್ತಾರೆ. ಇಬ್ಬರೂ ವಾರ್ಡಿಗೆ ಹೋಗುತ್ತಾರೆ. ಮಂಚದ ಮೇಲಿದ್ದ ದರ್ಜಿ, "ನಿಮ್ಮ ಋಣ ಹೆಂಗೆ ತೀರಿಸ್ಲಿ ಅಕ್ಕಾ?" ಎನ್ನುತ್ತಾರೆ.

ಹದ್ದಕ್ಕ ನಗುತ್ತಾರೆ. "ದಾರೀಲಿ ಸಿಕ್ರೆ ಮಾತಾಡ್ಸಿ ಅಣ್ಣ. ನನ್ನ ಗಾಜಿನ ಮೇಲೆ ಮಾತ್ರ ಇನ್ಯಾವತ್ತೂ ಸಿಗ್ಬೇಡಿ."