ದೊಡ್ಡಮ್ಮ ರಸ್ತೆ ದಾಟಿದ್ದು

ನಮ್ಮ ಪ್ರಾಣ ಕಾಪಾಡುವ ಹೊಣೆ ಹೊತ್ತ ಕೇಂದ್ರ ಸರ್ಕಾರದ ಹೆದ್ದಾರಿಯವರು ಮೊಟ್ಟಮೊದಲು ಮಾಡಿದ ಕೆಲಸವೆಂದರೆ, ನಮ್ಮ ಮನೆಗೂ ನಮ್ಮ ತೆಂಗಿನ ತೋಟಕ್ಕೂ ನಡುವೆ ನಾಲ್ಕು ಪಥದ ರಸ್ತೆ ಹಾಯಿಸಿದ್ದು. ಮೊದಲು ಅಲ್ಲಿದ್ದದ್ದು ಎರಡು ಲಾರಿ ಎದುರಾದರೆ ಒಂದು ಮಣ್ಣಿಗಿಳಿಯಬೇಕಾದ ರಸ್ತೆ. ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನ ಡ್ರೈವರು ನಮ್ಮ ದೊಡ್ಡಮ್ಮ ದಾಟುವುದನ್ನು ಕಂಡರೆ ತಾನೇ ಬ್ರೇಕ್ ಹಾಕಿ, "ಏನಜ್ಜಿ, ಆಯ್ತಾ ಪೂಜೆ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಈಗ ಆ ಬಸ್ಸಿಗೆ ನಮ್ಮೂರು ಇರುವುದೇ ಕಾಣುವುದಿಲ್ಲ.

ದೊಡ್ಡಮ್ಮ ದಿನಾ ದಾಟಲೇಬೇಕಿತ್ತು, ಯಾಕೆಂದರೆ ದೊಡ್ಡಪ್ಪ ಇದ್ದದ್ದು ಆ ಕಡೆ. ನಮ್ಮಲ್ಲಿ ಸತ್ತವರನ್ನು ಸ್ವಂತ ಜಮೀನಿನಲ್ಲೇ ಹೂಳುವುದು. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಒಂದು ತಂಬಿಗೆ ನೀರು, ಒಂದು ಹಿಡಿ ಪತ್ರೆ ತೆಗೆದುಕೊಂಡು ತೋಟಕ್ಕೆ ಹೋಗಿ, ಗಂಡನ ಸಮಾಧಿಗೆ ನೀರು ಹಾಕಿ ಪತ್ರೆ ಏರಿಸಿ, ಮನೆಯ ಸುದ್ದಿಯನ್ನೆಲ್ಲ ಅವನಿಗೆ ಒಪ್ಪಿಸಿ ಬಂದ ಮೇಲೇ ಅವಳು ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಿದ್ದದ್ದು. ದೊಡ್ಡಪ್ಪ ಬದುಕಿದ್ದಾಗ ಅವರಿಬ್ಬರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳಿಲ್ಲದ ಅವಳು ನನ್ನನ್ನೇ ಸಾಕಿದವಳು. ಅವಳು ಹೊರಟಳೆಂದರೆ, ವಾಪಸು ಬಂದು ತಂಬಿಗೆ ಕೆಳಗಿಡುವ ಸದ್ದು ಕೇಳುವವರೆಗೆ ನನಗೆ ಕಾಫಿ ಇಳಿಯುತ್ತಿರಲಿಲ್ಲ.

ನಾನು ಕಡೂರಿನಲ್ಲಿ ವಕೀಲರೊಬ್ಬರ ಗುಮಾಸ್ತ. ಅರ್ಜಿ ಬರೆಯುವುದೇ ಕಸುಬು. ಮನೆಯೆದುರು ರಸ್ತೆಗೆ ಒಂದು ಹಂಪ್ ಹಾಕಿಸಿ ಎಂದು ಬರೆದುಕೊಂಡು ಮೊದಲು ಪೊಲೀಸ್ ಠಾಣೆಗೆ ಹೋದೆ. "ಅದು ಸೆಂಟ್ರಲ್‌ನೋರ್ದು ಕಣ್ರೀ, ನಾವು ಕೈ ಹಾಕಂಗಿಲ್ಲ" ಎಂದರು. ಸರಿ, ಸೆಂಟ್ರಲ್‌ನವರ ಆಫೀಸಿಗೇ ಹೋದೆ. ಹೊರಗೆ ಸುಡುಬಿಸಿಲು, ಒಳಗೆ ಶಾಲು ಹೊದೆಯಬೇಕು ಅಂಥ ಏಸಿ. ಗೋಡೆಯ ಮೇಲೆ 'ನಿಮ್ಮ ಸುರಕ್ಷತೆ ನಮ್ಮ ಹೊಣೆ' ಎಂದು ಬರೆದಿತ್ತು. ಹೊಣೆ ಹೊತ್ತ ಎಂಜಿನಿಯರು ನನಗೆ ಕುರ್ಚಿ ತೋರಿಸದೆ ಅರ್ಜಿಯ ಮೇಲೆ ಕಣ್ಣಾಡಿಸಿದರು.

"ನ್ಯಾಷನಲ್ ಹೈವೇ ಮೇಲೆ ಹಂಪ್ ಹಾಕೋ ಹಾಗಿಲ್ಲ. ಬೀರೂರು ಕಡೆಗೆ ಎರಡು ಮೈಲಿ ಹೋದ್ರೆ ಅಂಡರ್‌ಪಾಸ್ ಇದೆಯಲ್ಲ?"

"ತೋಟ ಮನೆ ಎದುರಿಗೇ ಇದೆ ಸಾರ್. ಎರಡು ಮೈಲಿ ಹೋಗಿ, ಆ ಕಡೆಯಿಂದ ಎರಡು ಮೈಲಿ ಬಂದು ಎದುರಿನ ತೋಟಕ್ಕೆ ಹೋಗಕ್ಕೆ ನಮ್ಮ ದೊಡ್ಡಮ್ಮನ ಕಾಲಲ್ಲಿ ಶಕ್ತಿ ಇಲ್ಲ."

"ಆ ಸ್ಪಾಟಲ್ಲಿ ಎಷ್ಟು ಡೆತ್ ಆಗಿದೆ?"

"ಇನ್ನೂ ಯಾರೂ ಸತ್ತಿಲ್ಲ."

"ಮತ್ತೆ?" ಎಂದರು, ನಾನೇನೋ ಅವರ ಸಮಯ ಹಾಳು ಮಾಡಿದವನ ಹಾಗೆ. "ಸಾವು ಆಗಿದ್ರೆ ಅಪಾಯದ ಜಾಗ ಅಂತ ಲಿಸ್ಟಿಗೆ ಬರುತ್ತೆ. ಬಂದ ಮೇಲೆ ನಾವು ಏನಾದ್ರೂ ಮಾಡಬಹುದು." ಆಮೇಲೆ ಕನಿಕರ ಬಂದಿರಬೇಕು. "ಆ ಸಮಾಧಿನ ಈ ಕಡೆಗೆ ಶಿಫ್ಟ್ ಮಾಡ್ಕೋಬಹುದಲ್ವಾ?" ಎಂದು ಸಲಹೆಯನ್ನೂ ಕೊಟ್ಟರು.

ಮನೆಗೆ ಬಂದು ಹೇಳಿದೆ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಯಾರಾರ ಸಾಯ್ಲಿ ಅಂತ ಕಾಯ್ತಾ ಕುಂತವ್ರಾ? ಹದ್ದುಗಳು ಕಣೋ ಅವು" ಎಂದು ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. ಅವಳ ಮಾತಿಗೆ ನಾನು ಸೇರಿಸುವುದು ಇಷ್ಟೇ, ಹದ್ದು ಸಂಬಳ ತೆಗೆದುಕೊಳ್ಳುವುದಿಲ್ಲ.

ನಾನು ಬಿಡಲಿಲ್ಲ. ದಿಲ್ಲಿಯವರೆಗೂ ಅರ್ಜಿ ಹಾಕಿದೆ. ಕೊನೆಗೊಂದು ದಿನ ಜೀಪು ಬಂತು. ಅವಳು ದಾಟುವ ಜಾಗದಲ್ಲೇ, ಬಾಗಿಲಿನಷ್ಟು ದೊಡ್ಡ ಬೋರ್ಡು ನೆಟ್ಟು ಹೋದರು: 'ಎಚ್ಚರಿಕೆ, ಪಾದಚಾರಿಗಳು ದಾಟುವ ಸ್ಥಳ'. ನೆಟ್ಟ ಮಹಾನುಭಾವ ಒಮ್ಮೆಯಾದರೂ ಅದರ ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಬೀರೂರು ಕಡೆಯಿಂದ ಬರುವ ವಾಹನವೆಲ್ಲ ಆ ಬೋರ್ಡಿನ ಹಿಂದೆ ಮುಚ್ಚಿಹೋಯಿತು. ಅಲ್ಲಿಯವರೆಗೆ ನೋಡಿ ದಾಟುತ್ತಿದ್ದವಳು ಈಗ ಬೋರ್ಡಿನಾಚೆಗೆ ಕತ್ತು ಚಾಚಿ ಇಣುಕಬೇಕಾಯಿತು. ಆ ಸಂಜೆಯೇ ನನ್ನ ಫೋನಿಗೆ ಮೆಸೇಜು, ನಿಮ್ಮ ದೂರನ್ನು ಇತ್ಯರ್ಥಪಡಿಸಲಾಗಿದೆ ಎಂದು.

ಆ ಚಳಿಗಾಲದಲ್ಲಿ ನಮ್ಮ ಹುರುಳಿ ಕೊಯ್ಲಿಗೆ ಬಂತು. ಹಿರೇನಲ್ಲೂರು ಸೀಮೆಯವರಂತೆ ನಮ್ಮೂರವರೂ ಕಣ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಕಿತ್ತ ಹುರುಳಿ ಗಿಡವನ್ನು ರಸ್ತೆಯ ಮೇಲೆ ಹರಡುವುದು, ಓಡಾಡುವ ಗಾಡಿಗಳ ಚಕ್ರವೇ ತುಳಿದು ಕಾಳು ಬಿಡಿಸುತ್ತದೆ. ಬೈಕಿನವರು ಜಾರುತ್ತಾರೆ, ಅದು ತಪ್ಪು ಎಂದು ನನಗೂ ಗೊತ್ತು. ಆದರೂ ಹರಡಿದೆವು. ಹರಡಿದ ಮೇಲೆ ನಾನು ಕಂಡದ್ದೇನು? ಅಷ್ಟು ದೂರದಿಂದಲೇ ಕಾರುಗಳು ನಿಧಾನವಾದವು. ಲಾರಿಗಳು ಎತ್ತಿನಗಾಡಿಯಂತೆ ತೆವಳಿದವು. ದೊಡ್ಡಮ್ಮ ತಂಬಿಗೆಯ ಒಂದು ಹನಿ ನೀರೂ ಚೆಲ್ಲದೆ ದಾಟಿ, ಹಾಗೆಯೇ ವಾಪಸು ಬಂದಳು. ದಿಲ್ಲಿಗೆ ಆಗದಿದ್ದದ್ದು ಹುರುಳಿಗೆ ಆಯಿತು.

ಎರಡನೆಯ ದಿನ ಯಾರೋ ಕಾರಿನವರು ಹೆದ್ದಾರಿಯ ಸಹಾಯವಾಣಿಗೆ ಫೋನ್ ಮಾಡಿದರು. ನನ್ನ ಅರ್ಜಿಗೆ ತಿಂಗಳುಗಟ್ಟಲೆ ತೆಗೆದುಕೊಂಡ ಇಲಾಖೆ ಹುರುಳಿಗೆ ಅರ್ಧ ಗಂಟೆಯಲ್ಲಿ ಓಡಿಬಂತು. ಕಿತ್ತಳೆ ಜಾಕೀಟಿನವರು ಇಳಿದು, ಎರಡೂ ಕಡೆ ಕೆಂಪು ಬಾವುಟ ಹಿಡಿದು, ಗಾಡಿಗಳನ್ನೆಲ್ಲ ನಿಲ್ಲಿಸಿ ಹುರುಳಿ ಬಾಚತೊಡಗಿದರು. ನಾನು ಅವರೊಂದಿಗೆ ಜಗಳಕ್ಕೆ ನಿಂತಿದ್ದೆ. ದೊಡ್ಡಮ್ಮ ಮಾತ್ರ, ರಸ್ತೆಗೆ ರಸ್ತೆಯೇ ತನಗಾಗಿ ನಿಂತಿದೆ ಎಂದುಕೊಂಡು, ತಂಬಿಗೆ ಹಿಡಿದು ನಡುವೆ ಆರಾಮವಾಗಿ ನಡೆದುಹೋದಳು. ಹೋಗುವಾಗ ಬಾವುಟದ ಹುಡುಗನಿಗೆ, "ಪುಣ್ಯ ಬರ್ಲಪ್ಪಾ" ಎಂದು ಹರಸಿದಳು. ಅವನು ಬಿಟ್ಟಬಾಯಿ ಬಿಟ್ಟಂತೆ ನೋಡಿದ.

ಅವಳು ಸಮಾಧಿಯ ಹತ್ತಿರ ಮಾತು ಮುಗಿಸಿ ರಸ್ತೆಗೆ ಬರುವಷ್ಟರಲ್ಲಿ ಜಾಕೀಟಿನವರು ಹೋಗಿಯಾಗಿತ್ತು. ಹುರುಳಿಯೂ ಇಲ್ಲ, ಬಾವುಟವೂ ಇಲ್ಲ. ತಡೆದಿಟ್ಟಿದ್ದ ಗಾಡಿಗಳೆಲ್ಲ ಕಟ್ಟೆಯೊಡೆದಂತೆ ನುಗ್ಗುತ್ತಿದ್ದವು. ನಾನು ಹೋಗಿ ಕೈಹಿಡಿದು ಕರೆತರುವಾಗ ಮಧ್ಯದ ಡಿವೈಡರಿನ ಮೇಲೆ ಅವಳು ತಂಬಿಗೆ ಅವಚಿಕೊಂಡು ಕೂತೇಬಿಟ್ಟಳು.

"ಹೋಗಕ್ ಬಿಟ್ರು, ಬರಕ್ ಬಿಡ್ಲಿಲ್ಲ ನೋಡು" ಎಂದಳು.

ಅಂದಿನಿಂದ ಅವಳು ದಾಟುವುದನ್ನು ನಿಲ್ಲಿಸಿಬಿಟ್ಟಳು. ಬೆಳಗ್ಗೆ ಜಗಲಿಯ ಮೇಲೆ ನಿಂತು ತಂಬಿಗೆಯ ನೀರನ್ನು ತೋಟದ ದಿಕ್ಕಿಗೆ ಬಿಟ್ಟು ಒಳಗೆ ಬರುವಳು. ಮನೆಯ ಸುದ್ದಿ ಹೇಳುವುದೂ ನಿಂತಿತು. ಅಷ್ಟು ದೂರ ಕೂಗಿ ಹೇಳುವ ಸುದ್ದಿ ಯಾವುದೂ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನನಗೆ ಬಂದ ಸಿಟ್ಟು ಯಾವ ಅರ್ಜಿಯಲ್ಲೂ ಹಿಡಿಸುವಂಥದ್ದಾಗಿರಲಿಲ್ಲ. ಇತ್ತ ಎಂಜಿನಿಯರು ಕಡೂರಿನಲ್ಲಿ ಎದುರು ಸಿಕ್ಕಾಗ, "ನೋಡಿ, ನಿಮ್ಮ ಸ್ಪಾಟ್ ಈಗಲೂ ಪೂರ್ತಿ ಸೇಫ್" ಎಂದು ನಕ್ಕರು.

ಈ ವರ್ಷ ಮಳೆಗಾಲ ಕಳೆದ ಮೇಲೆ ಜ್ವರ ಬಂದು ದೊಡ್ಡಮ್ಮ ಮನೆಯಲ್ಲೇ ತೀರಿಕೊಂಡಳು. ಹಾಸಿಗೆಯಲ್ಲಿ ಸತ್ತಳಾದ್ದರಿಂದ ಅವರ ಲಿಸ್ಟಿಗೆ ಅವಳೂ ಉಪಯೋಗಕ್ಕೆ ಬರಲಿಲ್ಲ. ದೊಡ್ಡಪ್ಪನ ಪಕ್ಕದಲ್ಲಿ ಗುಂಡಿ ತೆಗೆಸಿದೆವು. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಅವಳನ್ನು ಕೂರಿಸಿ, ಹೂವಿನಿಂದ ಸಿಂಗರಿಸಿ, ಹೊರಡುವ ಮುಂಚೆ ಸಹಾಯವಾಣಿಗೆ ಫೋನ್ ಮಾಡಿದೆ. ಶವ ದಾಟಿಸಲು ಐದು ನಿಮಿಷ ಗಾಡಿ ನಿಲ್ಲಿಸಿ ಎಂದೆ. ಫೋನಿನ ಆ ಕಡೆಯವಳು, ಮೆರವಣಿಗೆಗೆ ಅವಕಾಶವಿಲ್ಲ, ಅಂಡರ್‌ಪಾಸ್ ಬಳಸಿ ಎಂದಳು.

ನಾನು ಹಿತ್ತಿಲಿಗೆ ಹೋಗಿ ಬಣವೆಯಿಂದ ರಾಗಿ ಹುಲ್ಲು ಹಿರಿದು ತಂದೆ. ಎಲ್ಲರೂ ನೋಡುತ್ತಿದ್ದಂತೆ ರಸ್ತೆಯ ಅಗಲಕ್ಕೂ ಹರಡಿದೆ. ಮತ್ತೆ ಅದೇ ಸಹಾಯವಾಣಿಗೆ ಫೋನ್ ಮಾಡಿ, "ಯಾರೋ ಕಳ್ಳನನ್ಮಕ್ಳು ಹೈವೇ ಮೇಲೆ ಹುಲ್ಲು ಹರಡಿದಾರೆ, ಬೇಗ ಬನ್ನಿ" ಎಂದೆ.

ಬಂದರು. ಎರಡೂ ಕಡೆ ಕೆಂಪು ಬಾವುಟ ಏರಿತು, ಕಣ್ಣು ಹಾಯುವವರೆಗೆ ಗಾಡಿಗಳು ಸಾಲಾಗಿ ನಿಂತವು. ಕ್ರಿಯೆ ಮಾಡಿಸುವ ಅಯ್ಯನವರು ಮುಂದೆ, ವಿಮಾನ ಹಿಂದೆ. ಆತುರವಿಲ್ಲದೆ, ಬೋರ್ಡಿನ ಪಕ್ಕದಿಂದ ನಮ್ಮ ದೊಡ್ಡಮ್ಮ ರಸ್ತೆ ದಾಟಿದಳು.

ಮಣ್ಣು ಕೊಟ್ಟು ನಾವು ರಸ್ತೆಗೆ ಬರುವಷ್ಟರಲ್ಲಿ ಜಾಕೀಟಿನವರು ಹುಲ್ಲು ಬಾಚಿ ಹೋಗಿಯಾಗಿತ್ತು. ಅವಳಿಗೇನೋ ವಾಪಸು ಬರುವ ಹಂಗಿರಲಿಲ್ಲ. ನಾವು ಎಲ್ಲರೂ, ಹೆಂಗಸರು ಮಕ್ಕಳು ಸಮೇತ, ರಸ್ತೆ ತೆರವಾದೀತೆಂದು ನೋಡುತ್ತ ಆ ದಡದಲ್ಲೇ ನಿಂತಿದ್ದೆವು.